ಗೋಡೆಯ ಬಿರುಕು ಕಾಣುವ ಕಣ್ಣಿಗೆ ಮೂಲೆಯ ಮಂಚ ಕಾಣುವುದಿಲ್ಲವೇ?

2025ರ ಮಾರ್ಚ್ ತಿಂಗಳಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ತಮ್ಮ ಇಲಾಖೆಗೆ ಒಂದು ಸೂಚನೆ ನೀಡಿದರು. ವೃದ್ಧ ತಂದೆ-ತಾಯಿಯರನ್ನು ಚಿಕಿತ್ಸೆಯ ನೆಪದಲ್ಲಿ ಸರಕಾರಿ ಆಸ್ಪತ್ರೆಗೆ ತಂದು ಸೇರಿಸಿ ಬಳಿಕ ತಿರುಗಿ ನೋಡದ ಮಕ್ಕಳ ವಿರುದ್ಧ ದೂರು ನೀಡಬೇಕು, ಅಂಥವರ ಹೆಸರಿಗೆ ಹಿರಿಯರು ಬರೆದುಕೊಟ್ಟ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಬೇಕು ಎಂಬುದು ಅದರ ಸಾರ. ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲೇ ಹೀಗೆ ಬಿಟ್ಟು ಹೋದ 150ಕ್ಕೂ ಹೆಚ್ಚು ಪ್ರಕರಣಗಳು ಬೆಳಕಿಗೆ ಬಂದಿದ್ದವು. ಪತ್ರಿಕೆಗಳು ಸುದ್ದಿ ಮಾಡಿದವು, ಓದುಗರು ಮರುಗಿದರು, ಸಚಿವರಿಗೆ ಮೆಚ್ಚುಗೆಯೂ ದೊರೆಯಿತು. ನಾವೂ ಆ ಸೂಚನೆಯನ್ನು ಸ್ವಾಗತಿಸುತ್ತೇವೆ.

ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಮುದುಕರೊಬ್ಬರು ಆಸ್ಪತ್ರೆಯ ಹಾಸಿಗೆಯಲ್ಲಿ ಅನಾಥರಾಗುವ ಮೊದಲು ಅವರ ಮನೆಯೋ ಹೊಲವೋ ಕೈಬದಲಾಗಿರುತ್ತದೆ. ಆಸ್ತಿಯ ಕೈಬದಲು ಕತ್ತಲಲ್ಲಿ ನಡೆಯುವ ಕೆಲಸವಲ್ಲ. ಅದಕ್ಕೊಬ್ಬ ದಲ್ಲಾಳಿ ಬೇಕು, ಪತ್ರ ಬರೆಯುವವನು ಬೇಕು, ಗುರುತು ಹೇಳಲು ಇಬ್ಬರು ಸಾಕ್ಷಿಗಳು ಬೇಕು, ಮುದ್ರೆ ಒತ್ತಲು ಉಪನೋಂದಣಾಧಿಕಾರಿ ಬೇಕು. ಇಷ್ಟು ಜನರ ಕಣ್ಣ ಮುಂದೆ ಹಾದುಬಂದ ವೃದ್ಧರ ಪಾಡನ್ನು ಗಮನಿಸುವ ಹೊಣೆ ಕೊನೆಗೆ ಆಸ್ಪತ್ರೆಯ ದಾದಿಯ ತಲೆಗೇ ಏಕೆ ಬರಬೇಕು? ದಾದಿ ನೋಡುವ ಹೊತ್ತಿಗೆ ಆಸ್ತಿಯೂ ಹೋಗಿರುತ್ತದೆ, ಆರೋಗ್ಯವೂ ಹೋಗಿರುತ್ತದೆ. ಮೊದಲು ನೋಡಿದವನು ದಲ್ಲಾಳಿ. ಮೊದಲು ಹೇಳಬೇಕಾದವನೂ ಅವನೇ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯನ್ನೇ ತೆಗೆದುಕೊಳ್ಳಿ. ತೆಂಗು, ರಾಗಿ, ಒಂದಿಷ್ಟು ಹೈನುಗಾರಿಕೆ ಎಂದು ಬದುಕುತ್ತಿದ್ದ ಸೀಮೆಯಿದು. ತಾಲ್ಲೂಕಿನ ನಡುವೆ ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. 2017ರಲ್ಲಿ ಕುಣಿಗಲ್ ಮೂಲಕ ಬೆಂಗಳೂರು–ಹಾಸನ ರೈಲೂ ಓಡತೊಡಗಿತು. ರಾಜಧಾನಿ ಹತ್ತಿರವಾದಂತೆ ಗುಂಟೆಯ ಲೆಕ್ಕ ಮಾತಾಡುವವರ ಸಂಖ್ಯೆ ಬೆಳೆಯುತ್ತದೆ, ಚಹದಂಗಡಿಯ ಬೆಂಚು ದಲ್ಲಾಳಿಯ ಕಚೇರಿಯಾಗುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಸೌದಿಯಲ್ಲೋ ಇರುತ್ತಾರೆ. ಊರಿನ ಮನೆಯಲ್ಲಿ ಉಳಿಯುವುದು ವಯಸ್ಸಾದ ತಾಯಿ, ಕೆಲವೊಮ್ಮೆ ಹಾಸಿಗೆ ಹಿಡಿದ ತಂದೆ, ಮತ್ತು ಒಂದು ಖಾತೆ. ಇದು ಕೊತ್ತಗೆರೆಗೆ ಮಾತ್ರ ಸೇರಿದ ಕತೆಯಲ್ಲ. ಗುಬ್ಬಿಯಲ್ಲೂ ತುಮಕೂರು ನಗರದ ಹಳೆಯ ಮೊಹಲ್ಲಾಗಳಲ್ಲೂ ಇಂತಹ ಮನೆಗಳನ್ನು ನಮ್ಮ ಓದುಗರು ಬಲ್ಲರು.

ಈ ಮನೆಗಳ ಒಳಗೆ ಯಾರು ಹೋಗುತ್ತಾರೆ? ನೆಂಟರು ಹಬ್ಬಕ್ಕೊಮ್ಮೆ ಬರುತ್ತಾರೆ, ಅದೂ ಪಡಸಾಲೆಯ ತನಕ. ನೆರೆಯವರಿಗೆ ಬಾಗಿಲು ತೆರೆಯುವುದಿಲ್ಲ. ಮಸೀದಿಯ ಕಮಿಟಿಯವರು ಚಂದಾಕ್ಕೆ ಬಂದರೂ ಅಂಗಳದಿಂದಲೇ ಮರಳುತ್ತಾರೆ. ದಲ್ಲಾಳಿಗೆ ಮಾತ್ರ ಎಲ್ಲ ಕೋಣೆಗಳೂ ತೆರೆದಿರುತ್ತವೆ. ಅವನು ಅಡುಗೆಮನೆಯ ಮೂಲೆ ನೋಡುತ್ತಾನೆ, ಬಚ್ಚಲಿನ ನೀರು ಎತ್ತ ಹರಿಯುತ್ತದೆಂದು ನೋಡುತ್ತಾನೆ, ಸೂರಿನ ಸೋರಿಕೆ ನೋಡುತ್ತಾನೆ. ಗೋಡೆಯ ಬಿರುಕನ್ನು ಬೆರಳಿಟ್ಟು ಅಳೆದು ಬೆಲೆಯಲ್ಲಿ ಇಪ್ಪತ್ತು ಸಾವಿರ ಇಳಿಸುತ್ತಾನೆ. ಅದೇ ಮನೆಯ ಹಿಂಗೋಣೆಯಲ್ಲಿ ಹೊರಗಿನಿಂದ ಚಿಲಕ ಹಾಕಿದ ಬಾಗಿಲು, ಮೂತ್ರದ ವಾಸನೆ, ಮುಟ್ಟದ ಅನ್ನದ ತಟ್ಟೆ, ಬೆನ್ನಹುಣ್ಣಿನಿಂದ ನರಳುವ ಜೀವ ಇದ್ದರೆ ಅದೂ ಅವನಿಗೆ ಕಾಣುತ್ತದೆ. ಕಂಡದ್ದನ್ನು ಅವನು ಮರೆಯುವುದೂ ಇಲ್ಲ. ಕೊಳ್ಳುವವನ ಕಿವಿಯಲ್ಲಿ, "ಅಜ್ಜಿ ಇನ್ನು ಎಷ್ಟು ದಿನ, ಚಿಂತೆ ಬೇಡ, ಖಾಲಿ ಮಾಡಿಸಿಕೊಡೋಣ" ಎಂದು ಹೇಳುತ್ತಾನೆ. ನೋಟದಲ್ಲಿ ದೋಷವಿಲ್ಲ. ನೋಡಿದ್ದನ್ನು ಯಾರಿಗೆ ಹೇಳಬೇಕೆಂಬ ಆಯ್ಕೆಯಲ್ಲಿ ದೋಷವಿದೆ.

"ಅದು ಅವರ ಮನೆಯ ವಿಷಯ, ನಮಗೇಕೆ?" ಎಂಬುದು ಈ ವೃತ್ತಿಯ ಸಿದ್ಧ ಉತ್ತರ. ಸ್ವಾಮೀ, ವ್ಯಾಪಾರ ಕುದುರಿಸುವಾಗ ಮನೆಯ ವಿಷಯ ನಿಮಗೆ ಬೇಕಾಗಿತ್ತಲ್ಲ? ಅಣ್ಣನ ಸಾಲ ಎಷ್ಟು, ತಮ್ಮನ ಹೆಂಡತಿಗೆ ಒಪ್ಪಿಗೆ ಇದೆಯೇ, ಅಕ್ಕ ಪಾಲು ಕೇಳುತ್ತಾಳೆಯೇ, ತಂದೆಯ ಹೆಬ್ಬೆಟ್ಟು ಇನ್ನೂ ಮೂಡುತ್ತದೆಯೇ ಎಂಬುದನ್ನೆಲ್ಲ ವಿಚಾರಿಸಿದವರು ನೀವೇ. ಒಂದು ಕುಟುಂಬದ ಒಳಜಗಳವನ್ನು ದಲ್ಲಾಳಿಯಷ್ಟು ಚೆನ್ನಾಗಿ ಬಲ್ಲವನು ಖಾಝಿಯೂ ಅಲ್ಲ, ಪೊಲೀಸನೂ ಅಲ್ಲ. ಕಮಿಷನ್ ಬರುವ ತನಕ ಮನೆಯವನಾಗಿದ್ದು, ಹಸಿದ ವೃದ್ಧೆಯ ಮಾತು ಬಂದಾಗ ಹೊರಗಿನವನಾಗುವುದು ಎಲ್ಲಿಯ ನ್ಯಾಯ?

ಕಾನೂನು ಏನು ಹೇಳುತ್ತದೆ ಎಂದು ಸ್ವಲ್ಪ ವಿವರವಾಗಿಯೇ ನೋಡೋಣ. ತಂದೆ-ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. 60 ವರ್ಷ ದಾಟಿದ ಎಲ್ಲರೂ ಅದರ ರಕ್ಷಣೆಗೆ ಸೇರುತ್ತಾರೆ. ಮಕ್ಕಳಿಲ್ಲದವರಿಗೂ ಆಸರೆಯಿದೆ, ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕನೇ ಅವರನ್ನು ನೋಡಿಕೊಳ್ಳಬೇಕು. ವೃದ್ಧರನ್ನು ನೋಡಿಕೊಳ್ಳುವ ಹೊಣೆಯುಳ್ಳವರು ಅವರನ್ನು ಪೂರ್ತಿಯಾಗಿ ತ್ಯಜಿಸುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ 24ನೇ ಕಲಮಿನಂತೆ ಮೂರು ತಿಂಗಳ ತನಕ ಸೆರೆ, ಐದು ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ದೂರು ಕೇಳಲು ನ್ಯಾಯಮಂಡಳಿ ಇದೆ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯೇ ಅದರ ಮುಖ್ಯಸ್ಥರು. ಕೊತ್ತಗೆರೆಯ ವೃದ್ಧರಿಗೆ ಆ ಕಚೇರಿ ತುಮಕೂರಿನಲ್ಲಿದೆ. ಮಂಚದಿಂದ ಏಳಲಾಗದವರು ಅಲ್ಲಿಗೆ ಹೇಗೆ ಹೋದಾರು? ಕಾಯ್ದೆ ಇದನ್ನೂ ಯೋಚಿಸಿದೆ. ವೃದ್ಧರು ಅಶಕ್ತರಾದರೆ ಅವರು ಒಪ್ಪಿದ ಯಾವ ವ್ಯಕ್ತಿಯಾದರೂ ಸಂಸ್ಥೆಯಾದರೂ ಅವರ ಪರವಾಗಿ ಅರ್ಜಿ ಸಲ್ಲಿಸಬಹುದು. ಅದೂ ಆಗದಿದ್ದರೆ ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬಹುದು. 5ನೇ ಕಲಮು ಇಷ್ಟನ್ನೂ ಹೇಳುತ್ತದೆ.

ತಾನಾಗಿಯೇ ಕೈಗೆತ್ತಿಕೊಳ್ಳಬೇಕಾದರೆ ಯಾರಾದರೂ ತಿಳಿಸಬೇಕಲ್ಲವೇ? ಉಪವಿಭಾಗಾಧಿಕಾರಿಗೆ ದಿವ್ಯದೃಷ್ಟಿಯಿಲ್ಲ. ಕಾಯ್ದೆಯ ದೊಡ್ಡ ಬಿರುಕು ಇಲ್ಲಿದೆ. ತಿಳಿಸುವುದು ಯಾರ ಕರ್ತವ್ಯ ಎಂಬ ಬಗ್ಗೆ ಅದು ಮೌನವಾಗಿದೆ. ಮಕ್ಕಳ ವಿಷಯದಲ್ಲಿ ನಮ್ಮ ಸಂಸತ್ತು ಹೀಗೆ ಮೌನವಾಗಲಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವನು ಯಾರೇ ಆಗಲಿ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಮಗುವೂ ಮಾತಾಡಲಾರದು, ಮರೆವಿಗೆ ಸಿಲುಕಿದ ವೃದ್ಧೆಯೂ ಮಾತಾಡಲಾರಳು. ಒಬ್ಬರ ಪರವಾಗಿ ಬಾಯಿ ತೆರೆಯುವುದು ಕರ್ತವ್ಯ, ಇನ್ನೊಬ್ಬರ ಪರವಾಗಿ ಬಾಯಿ ತೆರೆಯುವುದು ಅಧಿಕಪ್ರಸಂಗ ಎಂಬುದು ಹೇಗೆ? ಜಪಾನ್ 2005ರಲ್ಲೇ ವೃದ್ಧರ ಮೇಲಿನ ದೌರ್ಜನ್ಯ ತಡೆಯಲು ಕಾಯ್ದೆ ಮಾಡಿ, ಜೀವಕ್ಕೆ ಅಪಾಯವಿರುವುದನ್ನು ಕಂಡವರು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕೆಂದು ವಿಧಿಸಿತು. ಅಮೆರಿಕದ ಟೆಕ್ಸಾಸ್, ಫ್ಲೋರಿಡಾದಂತಹ ರಾಜ್ಯಗಳಲ್ಲಿ ಈ ಕರ್ತವ್ಯ ವೈದ್ಯರಿಗೆ ಮಾತ್ರ ಸೀಮಿತವಲ್ಲ, ಕಂಡವರೆಲ್ಲರದು. ಆದ್ದರಿಂದ ಮನೆ ಮಾರಿಸುವವರೂ ಅದರೊಳಗೆ ಬರುತ್ತಾರೆ. ತಾಯಿಯ ಪಾದದ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವ ನಾವು, ಸಂಸ್ಕೃತಿಯಿಲ್ಲದವರೆಂದು ನಾವೇ ಬೈಯುವ ದೇಶಗಳಿಂದ ಇದನ್ನು ಕಲಿಯಬೇಕಾಗಿ ಬಂದಿದೆ.

ದಲ್ಲಾಳಿಗಳನ್ನು ನಿಯಂತ್ರಿಸಲು ರೇರಾ ಇದೆಯಲ್ಲ ಎಂದು ಕೆಲವರು ಹೇಳಬಹುದು. 2016ರ ಆ ಕಾಯ್ದೆ ಏಜೆಂಟರು ನೋಂದಾಯಿಸಿಕೊಳ್ಳಬೇಕು ಎನ್ನುವುದು ನಿಜ. ಆದರೆ ಅದು ಪ್ರಾಧಿಕಾರದಲ್ಲಿ ನೋಂದಾಯಿತವಾದ ಬಡಾವಣೆ, ಅಪಾರ್ಟ್‌ಮೆಂಟುಗಳ ಮಾರಾಟಕ್ಕೆ ಸಂಬಂಧಿಸಿದ್ದು. ಅಜ್ಜ ಕಟ್ಟಿಸಿದ ಹೆಂಚಿನ ಮನೆಯನ್ನೋ ಎರಡು ಗುಂಟೆ ತೋಟವನ್ನೋ ಕೈಬದಲಿಸುವ ಊರ ದಲ್ಲಾಳಿ ಅದರ ಹೊರಗೇ ಉಳಿಯುತ್ತಾನೆ. ಅವನಿಗೆ ಪರವಾನಗಿಯಿಲ್ಲ, ದಾಖಲೆಯಿಲ್ಲ, ಕೇಳುವವರಿಲ್ಲ.

ಉಪನೋಂದಣಿ ಕಚೇರಿಯಲ್ಲಾದರೂ ತಡೆ ಇದೆಯೇ? 1908ರ ನೋಂದಣಿ ಕಾಯ್ದೆಯಂತೆ ಅಧಿಕಾರಿ ನೋಡುವುದು ಪತ್ರ ಬರೆದುಕೊಟ್ಟವರು ಇವರೇ ಹೌದೇ, ಒಪ್ಪಿಕೊಂಡರೇ ಎಂಬುದನ್ನು. ಬುದ್ಧಿ ಸ್ಥಿಮಿತವಿಲ್ಲದವರೆಂದು ಕಂಡರೆ ನೋಂದಣಿ ನಿರಾಕರಿಸಬಹುದು. ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ನೋಂದಣಿ ಮಾಡುವ ಅವಕಾಶವೂ ಇದೆ. ಹಾಗೆ ಮನೆಗೆ ಬಂದ ಅಧಿಕಾರಿ ಮಂಚದ ಮೇಲಿನ ಹೆಬ್ಬೆಟ್ಟನ್ನು ನೋಡುತ್ತಾನೆ, ಮಂಚವನ್ನು ನೋಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಮೇಲಾಗಿ 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸುವ ಸೌಲಭ್ಯ ರಾಜ್ಯದಾದ್ಯಂತ ಬಂದಿದೆ. ಜನರ ಅಲೆದಾಟ ತಪ್ಪಿಸಲು ತಂದ ಒಳ್ಳೆಯ ವ್ಯವಸ್ಥೆ, ನಾವು ವಿರೋಧಿಸುವುದಿಲ್ಲ. ಆದರೆ ಕುಣಿಗಲ್‌ನ ಕಚೇರಿಯ ಜಗಲಿಯಲ್ಲಿ ಕುಳಿತ ಪತ್ರ ಬರಹಗಾರ, "ಏನು ಸಾಹೇಬರೇ, ನಿಮ್ಮ ಮಗಳಿಗೆ ತಿಳಿದಿದೆಯೇ?" ಎಂದು ಕೇಳುವ ಸಾಧ್ಯತೆಯಾದರೂ ಇತ್ತು. ಈಗ ಅದೇ ವೃದ್ಧರನ್ನು ಕಾರಿನಲ್ಲಿ ಕೂರಿಸಿ, ಅವರನ್ನು ಅರಿಯದ ಜಿಲ್ಲೆಯ ಇನ್ನೊಂದು ಮೂಲೆಯ ಕಚೇರಿಗೆ ಒಯ್ದು ಬೆರಳೊತ್ತಿಸಬಹುದು. ಪರಿಚಯದ ಕಣ್ಣು ತಪ್ಪಿದಾಗ ನಿಯಮದ ಕಣ್ಣು ಹರಿತವಾಗಬೇಕಿತ್ತು. ಅದು ಆಗಿಲ್ಲ.

ಪತ್ರ ಬರಹಗಾರರ ಪಾತ್ರ ದಲ್ಲಾಳಿಗಿಂತ ಚಿಕ್ಕದಲ್ಲ. ಮಾರಾಟದ ಕ್ರಯಪತ್ರಕ್ಕೆ ಬೆಲೆಯ ಶೇಕಡಾವಾರು ಮುದ್ರಾಂಕ ಶುಲ್ಕ ತೆರಬೇಕು. ತಂದೆ ಮಗನಿಗೆ ಮಾಡುವ ದಾನಪತ್ರ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಆದ್ದರಿಂದ, "ದಾನಪತ್ರ ಮಾಡಿಸಿಬಿಡಿ, ಆಮೇಲೆ ಮಗನೇ ಮಾರುತ್ತಾನೆ" ಎಂಬ ಸಲಹೆ ಸುಲಭವಾಗಿ ಹುಟ್ಟುತ್ತದೆ. 2007ರ ಕಾಯ್ದೆಯ 23ನೇ ಕಲಮು ಇಂತಹ ದಾನಕ್ಕೊಂದು ಬೇಲಿ ಹಾಕಿದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪಡೆದವನು ನೋಡಿಕೊಳ್ಳದಿದ್ದರೆ, ಮೋಸದಿಂದ ಪಡೆದದ್ದೆಂದು ಪರಿಗಣಿಸಿ ನ್ಯಾಯಮಂಡಳಿ ರದ್ದುಪಡಿಸಬಹುದು. ಆದರೆ ಆ ಷರತ್ತು ಪತ್ರದಲ್ಲಿ ಇರಬೇಕಲ್ಲ? ಷರತ್ತೇ ಇಲ್ಲದಿದ್ದರೆ ಈ ಕಲಮು ಅನ್ವಯಿಸದೆಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರವನ್ನು ರದ್ದುಗೊಳಿಸಿತು. ಆದರೆ ಅಲ್ಲಿಯೂ, ತಾಯಿಯನ್ನು ನೋಡಿಕೊಳ್ಳುವೆನೆಂದು ಮಗ ದಾನದ ದಿನವೇ ಕೊಟ್ಟ ಬೇರೊಂದು ಮುಚ್ಚಳಿಕೆಯಿತ್ತು. ಅಂದರೆ ಒಬ್ಬ ತಾಯಿಯ ಸೂರು ಉಳಿಯುವುದೂ ಹೋಗುವುದೂ ಪತ್ರ ಬರಹಗಾರನ ಒಂದು ಸಾಲಿನ ಮೇಲೆ ನಿಂತಿದೆ. ಹಳೆಯ ನಮೂನೆಯನ್ನು ಕಂಪ್ಯೂಟರಿನಲ್ಲಿ ತೆರೆದು ಹೆಸರು ಬದಲಿಸಿ ಮುದ್ರಿಸುವವನು ಆ ಸಾಲನ್ನು ಬರೆಯುವುದಿಲ್ಲ. ಬರೆಸಿಕೊಳ್ಳುವ ಮಗ ಅದನ್ನು ನೆನಪಿಸುವುದೂ ಇಲ್ಲ. ಶುಲ್ಕ ಕೊಡುವವನು ಮಗನೇ ಅಲ್ಲವೇ?

ಇನ್ನು ನಮ್ಮ ಸಮುದಾಯದ ಮಾತು. ಇಲ್ಲಿ ಸ್ವಲ್ಪ ಕಠಿಣವಾಗಿಯೇ ಬರೆಯಬೇಕಾಗಿದೆ. ಮುಸ್ಲಿಮರಿಗೆ ಹಿಬಾ, ಅಂದರೆ ದಾನ, ಬಾಯಿಮಾತಿನಲ್ಲೇ ಮಾಡಲು ಅವಕಾಶವಿದೆ. ಕೊಟ್ಟೆನೆಂಬ ಘೋಷಣೆ, ಪಡೆದೆನೆಂಬ ಒಪ್ಪಿಗೆ, ಸ್ವಾಧೀನದ ಹಸ್ತಾಂತರ, ಇಷ್ಟಾದರೆ ಸಾಕು. ದೇಶದ ಆಸ್ತಿ ವರ್ಗಾವಣೆ ಕಾಯ್ದೆಯೂ ಇದಕ್ಕೆ ವಿನಾಯಿತಿ ಕೊಟ್ಟಿದೆ. ಈ ಸರಳತೆ ನಂಬಿಕೆಯ ಮೇಲೆ ನಿಂತದ್ದು. ಆದರೆ ನಮ್ಮಲ್ಲಿ ಅದನ್ನು ಹೆಣ್ಣುಮಕ್ಕಳ ಪಾಲು ತಪ್ಪಿಸಲು, ಅರೆಪ್ರಜ್ಞೆಯ ತಂದೆಯಿಂದ 'ಹೂಂ' ಎನಿಸಿಕೊಳ್ಳಲು ಬಳಸುವವರಿದ್ದಾರೆ. ಮರಣಶಯ್ಯೆಯಲ್ಲಿ ಒಬ್ಬ ವಾರಸುದಾರನಿಗೆ ಮಾಡಿದ ದಾನ ಇತರ ವಾರಸುದಾರರ ಒಪ್ಪಿಗೆಯಿಲ್ಲದೆ ನಿಲ್ಲದೆಂಬ ಫಿಕ್‌ಹ್‌ನ ನಿಯಮವನ್ನು ಅಂಥವರಿಗೆ ದಲ್ಲಾಳಿಯೂ ಹೇಳುವುದಿಲ್ಲ, ಸಾಕ್ಷಿಗೆ ಬಂದ ಹಿರಿಯರೂ ಹೇಳುವುದಿಲ್ಲ. ಹಿಬಾಕ್ಕೆ ಷರತ್ತು ಹಾಕಿದರೆ ಹನಫೀ ಮತದಲ್ಲಿ ದಾನ ಉಳಿದು ಷರತ್ತು ಬೀಳುತ್ತದೆಂಬ ವಾದವನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ! ಸರಿ, ಹಾಗಿದ್ದರೆ ದಾನವನ್ನೇ ಮಾಡಬೇಡಿ ಎಂದು ವೃದ್ಧರಿಗೆ ಹೇಳುವ ಧೈರ್ಯ ತೋರಿ. ಬದುಕಿರುವವರ ಆಸ್ತಿಯಲ್ಲಿ ವಾರಸುದಾರನಿಗೆ ಶರೀಅತ್ ಯಾವ ಹಕ್ಕನ್ನೂ ಕೊಟ್ಟಿಲ್ಲ. ಕೊನೆಯುಸಿರಿನ ತನಕ ಮನೆಯನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡ ತಾಯಿ ಯಾರಿಗೂ ಅನ್ಯಾಯ ಮಾಡಿದವಳಲ್ಲ.

ಸಾಕ್ಷಿಯ ಬಗ್ಗೆ ನಮಗೆ ಸಿಕ್ಕಿದ ಪಾಠ ಅಸ್ಪಷ್ಟವೇನಲ್ಲ. ಬಶೀರ್ ಎಂಬ ಸಹಾಬಿ ತನ್ನ ಮಗ ನುಅಮಾನರಿಗೆ ಮಾತ್ರ ಒಂದು ದಾನ ಕೊಟ್ಟು ಪ್ರವಾದಿಯವರನ್ನು(ಸ) ಸಾಕ್ಷಿಯಾಗಲು ಕೇಳಿಕೊಂಡರು. ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿರುವಿರಾ ಎಂದು ಪ್ರವಾದಿಯವರು(ಸ) ವಿಚಾರಿಸಿದರು. ಇಲ್ಲವೆಂದಾಗ ಅನ್ಯಾಯಕ್ಕೆ ಸಾಕ್ಷಿಯಾಗಲು ನಿರಾಕರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿರುವ ವರದಿಯಿದು. ಗಮನಿಸಿ, ಅವರು ಸಹಿ ಹಾಕುವ ಮೊದಲು ಪ್ರಶ್ನೆ ಕೇಳಿದರು. ಕುರ್‌ಆನಿನ ಅತಿ ದೀರ್ಘ ಸೂಕ್ತ ಇರುವುದು ಪತ್ರ ಬರೆಯುವವನು ಮತ್ತು ಸಾಕ್ಷಿಯ ಬಗ್ಗೆ. ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಲ ಪಡೆಯುವವನು ದುರ್ಬಲನಾಗಿದ್ದರೆ ಅವನ ಪರವಾಗಿ ಹೇಳುವವನು ನ್ಯಾಯದಿಂದ ಹೇಳಬೇಕು, ಬರೆದವನಿಗೂ ಸಾಕ್ಷಿಗೂ ಹಾನಿ ಮಾಡಬಾರದು ಎಂದು ಅದು ಆದೇಶಿಸುತ್ತದೆ. ಅದರ ಮುಂದಿನ ಸೂಕ್ತ ಸಾಕ್ಷ್ಯ ಮುಚ್ಚಿಡುವುದನ್ನು ಹೃದಯದ ಪಾಪವೆಂದು ಕರೆಯುತ್ತದೆ. ಕೊತ್ತಗೆರೆಯ ಜಗಲಿಯಲ್ಲಿ ಐನೂರು ರೂಪಾಯಿಗೆ ಗುರುತಿನ ಸಹಿ ಹಾಕುವವರು ಇದನ್ನು ಜುಮಾದ ಖುತ್ಬಾದಲ್ಲಿ ಎಷ್ಟು ಬಾರಿ ಕೇಳಿದ್ದಾರೆ?

ದುರುಪಯೋಗದ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ವ್ಯಾಪಾರ ಕೈತಪ್ಪಿದ ದಲ್ಲಾಳಿ ಸೇಡಿಗಾಗಿ ಮಗನ ಮೇಲೆ ದೂರು ಕೊಟ್ಟಾನು. ಕೂಲಿಗೆ ಹೋಗುವ ಸೊಸೆ ಹಗಲು ಹೊತ್ತು ಅತ್ತೆಯ ಬಳಿ ಇರಲಾರದ್ದನ್ನು ನಿರ್ಲಕ್ಷ್ಯವೆಂದು ಬರೆದಾನು. ಬಡತನಕ್ಕೂ ಕ್ರೌರ್ಯಕ್ಕೂ ಇರುವ ವ್ಯತ್ಯಾಸವನ್ನು ವಿಚಾರಿಸುವವರು ತಿಳಿಯಬೇಕು. ಬಡ ಮನೆಗೆ ಬೇಕಾದದ್ದು ಪೊಲೀಸಲ್ಲ, ಪಿಂಚಣಿ ಮತ್ತು ಔಷಧ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ವಯಸ್ಸಾದವರೆಲ್ಲ ಬುದ್ಧಿಗೆಟ್ಟವರಲ್ಲ. ಕಾಲು ಸೋತರೂ ಮನಸ್ಸು ಗಟ್ಟಿಯಿರುವ ಎಪ್ಪತ್ತೈದರ ತಾಯಿ ತನ್ನ ಮನೆಯನ್ನು ಮಾರುವುದು ಅವಳ ಹಕ್ಕು, ಅದನ್ನು ತಡೆಯಲು ದಲ್ಲಾಳಿಗೂ ಅಧಿಕಾರವಿಲ್ಲ, ಪತ್ರಿಕೆಗೂ ಇಲ್ಲ. ಆದ್ದರಿಂದಲೇ ಮೊದಲ ಹೆಜ್ಜೆ ದೂರು ಆಗಬಾರದು. ಮಗನನ್ನು ಹೊರಗೆ ಕಳುಹಿಸಿ ಅವರೊಂದಿಗೆ ಹತ್ತು ನಿಮಿಷ ಮಾತಾಡಬೇಕು. ಮನೆ ಮಾರಾಟವಾಗುತ್ತಿರುವುದು ನಿಮಗೆ ಗೊತ್ತೇ ಅಮ್ಮಾ, ಹಣ ಯಾರ ಖಾತೆಗೆ ಬರುತ್ತದೆ, ಆಮೇಲೆ ಎಲ್ಲಿರುತ್ತೀರಿ, ಇಂದು ಬೆಳಗ್ಗೆ ಏನು ತಿಂದಿರಿ? ಈ ನಾಲ್ಕು ಪ್ರಶ್ನೆಗೆ ದೊರೆಯುವ ಉತ್ತರ, ಅಥವಾ ದೊರೆಯದ ಉತ್ತರ, ಸಾಕಷ್ಟನ್ನು ತಿಳಿಸುತ್ತದೆ. ತಾಯಿಯೊಂದಿಗೆ ಒಬ್ಬಂಟಿಯಾಗಿ ಮಾತಾಡಲು ಮಗ ಬಿಡದಿದ್ದರೆ ಅದೂ ಒಂದು ಉತ್ತರವೇ.

ಅನುಮಾನ ಗಟ್ಟಿಯಾದರೆ ದಾರಿ ದೂರವಿಲ್ಲ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಪ್ರಾಣಕ್ಕೆ ಅಪಾಯವಿದ್ದರೆ 112 ಇದೆ. ತುಮಕೂರಿನ ಉಪವಿಭಾಗಾಧಿಕಾರಿಗೆ ಒಂದು ಹಾಳೆಯಲ್ಲಿ ಕಂಡದ್ದನ್ನಷ್ಟೇ, ಊಹೆ ಬೆರೆಸದೆ, ಬರೆದು ಕಳುಹಿಸಬಹುದು. ಆ ವ್ಯವಹಾರದ ಕಮಿಷನ್ ಕೈಬಿಡಬೇಕಾಗುತ್ತದೆ, ನಿಜ. ಬೇರೊಬ್ಬ ದಲ್ಲಾಳಿ ಅದನ್ನು ಎತ್ತಿಕೊಂಡಾನು ಎಂಬುದೂ ನಿಜ. ಇದಕ್ಕೇ ನಾವು ವ್ಯಕ್ತಿಯ ಒಳ್ಳೆಯತನದ ಮೇಲೆ ಭಾರ ಹಾಕದೆ ನಿಯಮವನ್ನು ಕೇಳುತ್ತಿದ್ದೇವೆ. ಎಲ್ಲರಿಗೂ ಕರ್ತವ್ಯವಾದರೆ ಪ್ರಾಮಾಣಿಕನಿಗೆ ಮಾತ್ರ ನಷ್ಟವೆಂಬ ಸ್ಥಿತಿ ತಪ್ಪುತ್ತದೆ.

ಸರಕಾರ ಇದಕ್ಕಾಗಿ ಸಂಸತ್ತಿನ ತಿದ್ದುಪಡಿಗೆ ಕಾಯಬೇಕಾಗಿಲ್ಲ. ಆಸ್ಪತ್ರೆಗಳಿಗೆ ಸೂಚನೆ ನೀಡಲು 2025ರಲ್ಲಿ ಸಚಿವರು ಹೊಸ ಕಾನೂನಿಗೆ ಕಾಯಲಿಲ್ಲ. ಅಂಥದ್ದೇ ಒಂದು ಸೂಚನೆಯನ್ನು ಕಂದಾಯ ಇಲಾಖೆ ಉಪನೋಂದಣಿ ಕಚೇರಿಗಳಿಗೆ ನೀಡಬಹುದು. 60 ದಾಟಿದವರು ಮಾಡುವ ದಾನಪತ್ರದಲ್ಲಿ ಪೋಷಣೆಯ ಷರತ್ತು ಬೇಕೇ ಬೇಡವೇ ಎಂದು ಅಧಿಕಾರಿ ವೃದ್ಧರನ್ನೇ ಪ್ರತ್ಯೇಕವಾಗಿ ಕೇಳಿ ಉತ್ತರವನ್ನು ದಾಖಲಿಸಲಿ. ಪತ್ರ ಬರಹಗಾರರ ಪರವಾನಗಿಗೆ, ನಿರ್ಲಕ್ಷ್ಯದ ಅನುಮಾನ ಬಂದರೆ ತಿಳಿಸಬೇಕೆಂಬ ಷರತ್ತು ಸೇರಲಿ. ಸದುದ್ದೇಶದಿಂದ ತಿಳಿಸಿದವನ ಹೆಸರು ಗುಟ್ಟಾಗಿರಲಿ. ಇಲ್ಲವಾದರೆ ಕೊತ್ತಗೆರೆಯಂತಹ ಚಿಕ್ಕ ಊರಿನಲ್ಲಿ ಮರುದಿನವೇ ಅವನ ಅಂಗಡಿಯ ಮುಂದೆ ಜಗಳ ನಿಲ್ಲುತ್ತದೆ. ಊರ ದಲ್ಲಾಳಿಗಳಿಗೆ ಗ್ರಾಮ ಪಂಚಾಯತಿನಲ್ಲೋ ಪುರಸಭೆಯಲ್ಲೋ ಒಂದು ದಾಖಲಾತಿ ಪುಸ್ತಕವಾದರೂ ಇರಲಿ.

ಜಮಾಅತ್‌ಗಳು ಸರಕಾರಕ್ಕೂ ಕಾಯಬೇಕಾಗಿಲ್ಲ. ನಮ್ಮ ಮೊಹಲ್ಲಾಗಳಲ್ಲಿ ಸೈಟು ಮಾರಿಸುವವರು, ಬಾಡಿಗೆಗೆ ಮನೆ ಹಿಡಿಸಿಕೊಡುವವರು ಯಾರೆಂದು ಪ್ರತಿಯೊಂದು ಮಸೀದಿಯ ಕಮಿಟಿಗೂ ಗೊತ್ತಿದೆ. ಎಷ್ಟೋ ಕಡೆ ಅವರೇ ಕಮಿಟಿಯಲ್ಲಿದ್ದಾರೆ. ಮುಂದಿನ ಮಹಾಸಭೆಯಲ್ಲಿ ಕಟ್ಟಡ ನಿಧಿಯ ಲೆಕ್ಕ ಓದಿ ಮುಗಿಸಿದ ಮೇಲೆ ಅವರನ್ನು ಎದ್ದು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಲಿ: ಕಳೆದ ವರ್ಷ ನೀವು ಒಳಹೊಕ್ಕ ಮನೆಗಳಲ್ಲಿ ಮಂಚ ಹಿಡಿದವರು ಎಷ್ಟು ಮಂದಿಯಿದ್ದರು, ಅವರಲ್ಲಿ ಯಾರ ಬಗ್ಗೆ ಯಾರಿಗೆ ತಿಳಿಸಿದಿರಿ?